ಡಬ್ಬಿ ತುಂಬಿ ಕೊಟ್ಟವರಿಗೆ

ಮನೆಗೆ ಬಂದು ಹತ್ತು ದಿನ ಆಯಿತು. ಇನ್ನೂ ನಡುರಾತ್ರಿ ಎಚ್ಚರವಾಗಿ, ಪಾಳಿ ಬಂತು ಅಂತ ಕೈ, ದೋಣಿಗೆ ಕಟ್ಟಿಕೊಳ್ಳುವ ಸೊಂಟದ ಹಗ್ಗ ಹುಡುಕುತ್ತದೆ. ಕೇಪ್‌ಟೌನ್‌ನಿಂದ ರಿಯೊ ಡಿ ಜನೈರೊವರೆಗೆ ಹಾಯಿದೋಣಿ ರೇಸ್. ನಾವು ಎಂಟು ಜನ, 24 ದಿನ. ನೇರ ಗೆರೆ ಎಳೆದರೂ ಸುಮಾರು 6,000 ಕಿಲೋಮೀಟರ್. ಆದರೆ ನೇರ ಹೋದರೆ ದಕ್ಷಿಣ ಅಟ್ಲಾಂಟಿಕ್ ನಡುವೆ ಗಾಳಿ ಸತ್ತ ಜಾಗದಲ್ಲಿ ಸಿಕ್ಕಿಬೀಳುತ್ತೇವೆ. ಅದಕ್ಕೇ ಉತ್ತರಕ್ಕೆ ಸುತ್ತು ಹಾಕಿ, ಹಿಂದಿನಿಂದ ತಳ್ಳುವ ವಾಣಿಜ್ಯ ಮಾರುತ ಹಿಡಿಯಬೇಕು.

ಮೊದಲು ನಮ್ಮ ಓಣಿಯ ಅಕ್ಕಂದಿರಿಗೆ ಶರಣು. ಮೂರು ದಿನ ಕೂತು ಜೋಳದ ಖಡಕ್ ರೊಟ್ಟಿ ಬಡಿದು, ಡಬ್ಬಿ ತುಂಬಿ ಕೊಟ್ಟಿರಿ. ಹೊರಟ ಮೇಲೆ ನೀರು ಕುಡಿದರೂ ವಾಂತಿ. ನಾಲ್ಕನೇ ದಿನ ಹೊಟ್ಟೆಯಲ್ಲಿ ನಿಂತ ಮೊದಲ ತುತ್ತು ನಿಮ್ಮ ರೊಟ್ಟಿ, ಶೇಂಗಾ ಹಿಂಡಿ. ಬ್ರೆಡ್ಡಿಗೆ ಬೂಷ್ಟು ಬಂದ ಮೇಲೆ ಎಂಟೂ ಜನ ಅದನ್ನೇ ತಿಂದೆವು.

ಅಲ್ಲಿ ನಾಲ್ಕು ತಾಸು ಪಾಳಿ, ನಾಲ್ಕು ತಾಸು ಬಿಡುವು. ಆ ಬಿಡುವಿನಲ್ಲೇ ಒದ್ದೆ ಬಟ್ಟೆ ಬಿಚ್ಚಬೇಕು, ಉಣ್ಣಬೇಕು, ಮಲಗಬೇಕು. ಎಂಟು ಜನಕ್ಕೆ ನಾಲ್ಕೇ ಹಾಸಿಗೆ. ಒಬ್ಬರು ಎದ್ದ ಬಿಸಿ ಆರುವ ಮೊದಲೇ ಇನ್ನೊಬ್ಬರು ಮಲಗುತ್ತಿದ್ದೆವು. ದೋಣಿ ವಾಲಿದಾಗ ಬೀಳದಿರಲಿ ಅಂತ ಅಂಚಿಗೆ ಬಟ್ಟೆ ಕಟ್ಟಿರುತ್ತಾರೆ, ಥೇಟ್ ತೊಟ್ಟಿಲು. ಸ್ನಾನ ಸಮುದ್ರದ ನೀರಲ್ಲಿ, ಕೊನೆಗೆ ಒಂದು ತಂಬಿಗೆ ಸಿಹಿನೀರು. ನನಗೆ ಆಯಿ ನೆನಪಾದಳು. ಬೇಸಿಗೆಯಲ್ಲಿ ನಳ ಬರದ ದಿನ ಒಂದೇ ತಂಬಿಗೆಯಲ್ಲಿ ನನ್ನ ಮುಖ, ಕೈ, ಕಾಲು ಎಲ್ಲ ತೊಳೆಯುತ್ತಿದ್ದಳಲ್ವಾ!

ಹದಿಮೂರನೇ ರಾತ್ರಿ ಮುಂದಿನ ದೊಡ್ಡ ಹಾಯಿ, ಸ್ಪಿನೇಕರ್, ಪರ್ರ್ ಅಂತ ಹರಿಯಿತು. ತೆಳು ನೈಲಾನ್ ಬಟ್ಟೆ. ಕೆಳಗೆ ತಂದು ಹರವಿದರೆ ಕಾಲಿಡಲೂ ಜಾಗವಿಲ್ಲ. ಉಪ್ಪು ಒರೆಸಿ, ಒಣಗಿಸಿ, ಅಂಟುಪಟ್ಟಿ ಹಚ್ಚಿ, ಮೇಲೆ ಹೊಲಿಯಬೇಕು. ಅವ್ವಾ, ಆಗ ನೆನಪಾದದ್ದು ನೀನು ಕಲಿಸಿದ ಕೌದಿ ಹೊಲಿಗೆ. ಸಣ್ಣ ಸಣ್ಣ ಟಾಕಿ, ಸಾಲಿಗೆ ಸಾಲು. ಉಪ್ಪಿಗೆ ಬೆರಳ ತುದಿ ಒಡೆದಿತ್ತು, ಸೂಜಿ ತಾಗಿದಾಗೆಲ್ಲ ಉರಿಯುತ್ತಿತ್ತು. ಒಂಬತ್ತು ತಾಸು ಹಿಡಿಯಿತು. ನನ್ನ ಪಾಳಿಯನ್ನೂ ತಾನೇ ನಿಂತ ಕೇಪ್‌ಟೌನ್ ಗೆಳತಿಯ ಋಣ ದೊಡ್ಡದು. ಬೆಳಿಗ್ಗೆ ಹಾಯಿ ಏರಿಸಿದೆವು. ಗಾಳಿ ತುಂಬಿತು. ಹೊಲಿಗೆ ಬಿಡಲಿಲ್ಲ. ರಿಯೊವರೆಗೂ ಬಿಡಲಿಲ್ಲ.

ಗೋವಾದಲ್ಲಿ ಹಗ್ಗದ ಗಂಟಿನಿಂದ ಶುರುಮಾಡಿ ಎಲ್ಲ ಕಲಿಸಿದ ಗುರುಗಳಿಗೆ ನಮಸ್ಕಾರ. ಕಿರಾಣಿ ಅಂಗಡಿ ಕಾಕಾ, ದಿನಾ ಬೆಳಿಗ್ಗೆ ಫೋನಿನ ನಕ್ಷೆಯಲ್ಲಿ ನಮ್ಮ ದೋಣಿಯ ಚುಕ್ಕಿ ಎಲ್ಲರಿಗೂ ತೋರಿಸುತ್ತಿದ್ದಿರಂತೆ. ಗಾಳಿ ಬಿದ್ದ ದಿನ ಮನೆಗೇ ಬಂದು, "ಚುಕ್ಕಿ ಯಾಕ ನಿಂತದ, ಪೋರಿ ಆರಾಮ ಇದ್ದಾಳಿಲ್ಲೋ?" ಅಂತ ಕೇಳಿದಿರಂತೆ. ಅಪ್ಪ ಇದನ್ನು ಹೇಳುವಾಗ ನನಗೆ ಅಳು ತಡೆಯಲಾಗಲಿಲ್ಲ. ಅಪ್ಪಾ, ಕಡಲೇ ಇಲ್ಲದ ಊರಿನಿಂದ ನನ್ನನ್ನು ಕಳಿಸಿದೆಯಲ್ಲ, ನಿನಗೆ ಏನು ಹೇಳಲಿ?

ಆ ಹಾಯಿಯಿಂದ ಕತ್ತರಿಸಿದ ಒಂದು ತುಂಡು ತಂದಿದ್ದೇನೆ. ಅವ್ವ ಅದನ್ನು ಹೊಸ ಕೌದಿಗೆ ಸೇರಿಸುತ್ತಿದ್ದಾಳೆ. ಅಕ್ಕಂದಿರೇ, ಭಾನುವಾರ ಸಂಜೆ ಎಲ್ಲರೂ ಮನೆಗೆ ಬನ್ನಿ. ನಿಮ್ಮ ಡಬ್ಬಿ ವಾಪಸ್ ಕೊಡಬೇಕು. ಖಾಲಿ ಡಬ್ಬಿ ಕೊಡಬಾರದು ಅಂತ ಅವ್ವ ಹೋಳಿಗೆ ಮಾಡುತ್ತಾಳೆ.