ದರ್ಜೆ ಏರುವ ಮುನ್ನದ ವರ್ಷಗಳು

ಚಿರಂಜೀವಿ ಅಳಿಯನಿಗೆ, ಕಿಗಾಲಿಯಿಂದ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಪತ್ರ ತಲುಪಿತು. ಅದರ ಹಿಂದೆಯೇ ಅಕ್ಕನ ಫೋನೂ ಬಂತು. "ಡಿಪ್ಲೊಮಾ ಬಿಡ್ತೀನಿ ಅಂತ ಕುಂತಾನ, ನೀನರ ಒಂದ್ ಮಾತ್ ಹೇಳು" ಅಂತ ಅವಳ ಗೋಳು. ನೀನು ಬರೆದದ್ದು ಬೇರೆ. 2026ರ ಜನವರಿಯಲ್ಲಿ ಪುಣೆಯಲ್ಲಿ ಯುಸಿಐ (ವಿಶ್ವ ಸೈಕ್ಲಿಂಗ್ ಸಂಸ್ಥೆ) 2.2 ದರ್ಜೆಯ ಸೈಕಲ್ ಸ್ಟೇಜ್ ರೇಸು, ಅಂದರೆ ದಿನಕ್ಕೊಂದು ಹಂತದ ರೇಸು ನಡೆಯಿತು, ಮುಂದೊಂದು ದಿನ ಅದರ ದರ್ಜೆ ಏರುತ್ತದೆ, ಆಗ ಯುರೋಪಿನ ತಂಡಗಳು ನಮ್ಮ ರಸ್ತೆಗೇ ಬರುತ್ತವೆ, ನಮ್ಮ ಹಣೆಬರಹ ಬದಲಾಗುತ್ತದೆ, ಅದಕ್ಕಾಗಿ ಈಗಲೇ ಉಳಿದದ್ದೆಲ್ಲ ಬಿಡಬೇಕು ಎಂದಿದ್ದೀ. ಆಸೆ ದೊಡ್ಡದು, ಅದನ್ನು ಸಣ್ಣದು ಮಾಡಿಕೋ ಅಂತ ನಾನು ಹೇಳುವುದಿಲ್ಲ. ಆದರೆ ಒಂದು ದೇಶದ ರೇಸು ಮೇಲಿನ ದರ್ಜೆಗೆ ಹೋದಾಗ ಆ ದೇಶದ ಹುಡುಗರಿಗೆ ಏನಾಗುತ್ತದೆ ಎಂಬುದನ್ನು ಈ ಊರಿನ ರಸ್ತೆ ಬದಿಯಲ್ಲಿ ನಿಂತು ನೋಡಿದವನು ನಾನು. ಅದನ್ನು ಪೂರ್ತಿ ಕೇಳು, ಆಮೇಲೆ ತೀರ್ಮಾನ ಮಾಡು.

ಈ ದೇಶದ ಸೈಕಲ್ ರೇಸು ಟೂರ್ ದು ರುವಾಂಡಾ ಶುರುವಾದದ್ದು 1988ರಲ್ಲಿ. ಯುದ್ಧ ಮತ್ತು 1994ರ ನರಮೇಧದ ಕಾಲದಲ್ಲಿ ನಿಂತೇಹೋಗಿತ್ತು. ಈ ಶತಮಾನದ ಆರಂಭದಲ್ಲಿ ಮತ್ತೆ ಎದ್ದಿತು. 2009ರಲ್ಲಿ ಯುಸಿಐ ಪಟ್ಟಿಗೆ 2.2 ಆಗಿ ಸೇರಿತು. ಮೊದಲ ಅಂಕಿ 2 ಎಂದರೆ ಹಲವು ದಿನಗಳ ರೇಸು, ಚುಕ್ಕೆಯ ನಂತರದ್ದು ದರ್ಜೆ, ಇದು ನಿನಗೆ ಗೊತ್ತಿರುವುದೇ. ಅಲ್ಲಿಂದ ಹತ್ತು ವರ್ಷ ಕಳೆದು 2019ರಲ್ಲಿ ಅದು 2.1ಕ್ಕೆ ಏರಿತು. ಅದರ ಮೇಲೆ ಪ್ರೋಸೀರೀಸ್, ಅದಕ್ಕೂ ಮೇಲೆ, ಎಲ್ಲಕ್ಕಿಂತ ದೊಡ್ಡದು, ವರ್ಲ್ಡ್ ಟೂರ್. ಕಾಗದದ ಮೇಲೆ ಬದಲಾದದ್ದು ಒಂದು ಅಂಕಿ. ರಸ್ತೆಯ ಮೇಲೆ ಬದಲಾದದ್ದು ಬಹಳ.

ಮೊದಲು ಆ 2.2ರ ಕಾಲ ಹೇಗಿತ್ತು ಹೇಳುತ್ತೇನೆ. ಆ ದರ್ಜೆಯಲ್ಲಿ ವರ್ಲ್ಡ್ ಟೂರ್‌ನ ದೊಡ್ಡ ತಂಡಗಳು ಬರುವಂತಿಲ್ಲ. ರಾಷ್ಟ್ರೀಯ ತಂಡ, ಕಾಂಟಿನೆಂಟಲ್ ತಂಡ (ಯುಸಿಐಯಲ್ಲಿ ನೋಂದಾಯಿಸಿದ ಕೆಳಹಂತದ ತಂಡ), ಕ್ಲಬ್ ತಂಡ, ಪ್ರಾದೇಶಿಕ ತಂಡ ಓಡಬಹುದು. ರುವಾಂಡಾದವರು ಈ ನಿಯಮದ ಪೂರ್ತಿ ಲಾಭ ಪಡೆದರು. ಒಂದೇ ತಂಡ ಇಳಿಸಿ ಸುಮ್ಮನಾಗಲಿಲ್ಲ. ಕರಿಸಿಂಬಿ, ಮುಹಾಬುರ, ಅಕಗೆರಾ ಎಂದು ತಮ್ಮ ಜ್ವಾಲಾಮುಖಿಗಳ, ಕಾಡಿನ ಹೆಸರಿಟ್ಟು ಮೂರು ತಂಡ ಕಟ್ಟಿದರು. ಆಮೇಲೆ ಬೆನೆಡಿಕ್ಷನ್, ಲೆಸ್ ಅಮಿ ಸ್ಪೋರ್ಟಿಫ್‌ನಂಥ ಕ್ಲಬ್‌ಗಳೂ ಇಳಿದವು. ಒಂದೇ ರೇಸಿನಲ್ಲಿ ಇಷ್ಟೊಂದು ಮನೆಯ ಹುಡುಗರು, ಅದೂ ತಮ್ಮದೇ ಏರುಗಳಲ್ಲಿ! ಫಲ ಏನಾಯಿತು ನೋಡು. 2014ರಲ್ಲಿ ವಾಲೆನ್ಸ್ ನ್ದಾಯಿಸೆಂಗಾ ಗೆದ್ದ. 2015ರಲ್ಲಿ ಜಾನ್ ಬೋಸ್ಕೊ ನ್ಸೆಂಗಿಮಾನಾ. 2016ರಲ್ಲಿ ಮತ್ತೆ ನ್ದಾಯಿಸೆಂಗಾ. 2017ರಲ್ಲಿ ಜೋಸೆಫ್ ಅರೆರುಯಾ. 2018ರಲ್ಲಿ ಸ್ಯಾಮ್ಯುಯೆಲ್ ಮುಗಿಶಾ. ಸತತ ಐದು ವರ್ಷ, ಒಟ್ಟು ರೇಸು ಗೆದ್ದವನ ಹಳದಿ ಜರ್ಸಿ ಮನೆಯಲ್ಲೇ ಉಳಿಯಿತು.

ಇನ್ನು 2.1 ಆದಮೇಲಿನ, 2025ರವರೆಗಿನ ಪಟ್ಟಿ. 2019ರಲ್ಲಿ ಎರಿಟ್ರಿಯಾದ ಮೆರ್ಹಾವಿ ಕುದುಸ್ ಗೆದ್ದ, ಅಸ್ತಾನಾ ತಂಡದ ಜರ್ಸಿಯಲ್ಲಿ. 2020ರಲ್ಲೂ 2022ರಲ್ಲೂ ಎರಿಟ್ರಿಯಾದ ನತ್ನಾಯೆಲ್ ತೆಸ್ಫಾತ್ಸಿಯೋನ್. 2021ರಲ್ಲಿ ಸ್ಪೇನಿನ ಕ್ರಿಸ್ಟಿಯನ್ ರೊಡ್ರಿಗೆಸ್, 2023ರಲ್ಲಿ ಎರಿಟ್ರಿಯಾದ ಹೆನೋಕ್ ಮುಲುಬ್ರಾನ್, 2024ರಲ್ಲಿ ಬ್ರಿಟನ್ನಿನ ಜೋಸೆಫ್ ಬ್ಲ್ಯಾಕ್‌ಮೋರ್, 2025ರಲ್ಲಿ ಫ್ರಾನ್ಸಿನ ಫೇಬಿಯನ್ ದೂಬೆ. ಇದರಲ್ಲಿ ರುವಾಂಡಾದ ಹೆಸರು ಒಂದೂ ಇಲ್ಲ.

ಇದನ್ನು ಓದಿ ನಿನ್ನ ಎದೆ ಕುಸಿಯುವುದು ಬೇಡ. ಕಾರಣ ತಿಳಿದುಕೋ. ಇಲ್ಲಿನ ಹುಡುಗರ ಕಾಲಿನಲ್ಲಿ ಶಕ್ತಿ ಒಂದೇ ರಾತ್ರಿಯಲ್ಲಿ ಕಡಿಮೆಯಾಗಲಿಲ್ಲ. ಮೊದಲು ರೇಸು ಹೆಚ್ಚಿನ ವರ್ಷ ನವೆಂಬರ್‌ನಲ್ಲಿ ನಡೆಯುತ್ತಿತ್ತು. ಯುರೋಪಿನವರಿಗೆ ಅದು ವಿಶ್ರಾಂತಿಯ ಕಾಲ. 2019ರಲ್ಲಿ ಅದನ್ನು ಫೆಬ್ರವರಿ ಕೊನೆಗೆ ತಂದರು. ಯುರೋಪಿನ ತಂಡಗಳು ಚಳಿಯಿಂದ ದೂರ ಎಲ್ಲಾದರೂ ಬಿಸಿಲಿನಲ್ಲಿ, ಎತ್ತರದಲ್ಲಿ ಓಡಬೇಕೆಂದು ಹುಡುಕುವ ತಿಂಗಳು ಅದು. ಕಿಗಾಲಿ ಸಮುದ್ರಮಟ್ಟದಿಂದ 1,500 ಮೀಟರಿಗಿಂತ ಎತ್ತರದಲ್ಲಿದೆ, ಡಾಂಬರು ಚೊಕ್ಕ, ಏರುಗಳಿಗೆ ಬರವಿಲ್ಲ. ಬಂದೇ ಬಂದರು. ನಾಲ್ಕು ಸಲ ಟೂರ್ ದ ಫ್ರಾನ್ಸ್ ಗೆದ್ದ ಕ್ರಿಸ್ ಫ್ರೂಮ್ 2023ರಲ್ಲಿ ಈ ರಸ್ತೆಗಳಲ್ಲಿ ಓಡಿದ. ಅಂಕದ ಲೆಕ್ಕವೂ ಸೆಳೆಯುತ್ತದೆ: 2.2 ರೇಸು ಗೆದ್ದವನಿಗೆ ಯುಸಿಐ ಶ್ರೇಯಾಂಕದ 40 ಅಂಕ, 2.1 ಗೆದ್ದವನಿಗೆ 125. ಎರಡನೆಯವನಿಗೇ 85 ಸಿಗುತ್ತದೆ. ಅಂಕ ಇರುವ ಕಡೆ ತಂಡ ಬರುತ್ತದೆ.

ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು. 2.1ರಲ್ಲಿ ಕ್ಲಬ್ ತಂಡಕ್ಕೂ ಪ್ರಾದೇಶಿಕ ತಂಡಕ್ಕೂ ಜಾಗವಿಲ್ಲ. ನಿನ್ನೆವರೆಗೆ ಬಾಗಿಲು ತೆರೆದಿದ್ದ ಮನೆಗೆ ಇವತ್ತು ಚೀಟಿ ಇದ್ದವರಿಗೆ ಮಾತ್ರ ಪ್ರವೇಶ ಎಂದಂತೆ. ರುವಾಂಡಾದವರು ಇದಕ್ಕೂ ದಾರಿ ಹುಡುಕಿದ್ದಾರೆ. ಬೆನೆಡಿಕ್ಷನ್ ಕ್ಲಬ್ಬು ಕಾಂಟಿನೆಂಟಲ್ ತಂಡವಾಗಿ ನೋಂದಾಯಿಸಿಕೊಂಡಿತು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ದೇಶದ ಧ್ವಜ ಹಿಡಿದ ಆಡ್ರಿಯನ್ ನಿಯೊನ್ಶುತಿಯ ಹೆಸರಿನ ಅಕಾಡೆಮಿಯೂ ಹಾಗೇ ಮಾಡಿತು. ನೋಂದಣಿ ಎಂದರೆ ಹಣ, ಕಾಗದಪತ್ರ, ಪ್ರಾಯೋಜಕರು, ವರ್ಷವಿಡೀ ನಡೆಯುವ ತಂಡ. ಆ ಕೆಲಸ ಮಾಡಿದವರಿದ್ದರೆಂದೇ ಮನೆಯ ಹುಡುಗರು ಮನೆಯ ರೇಸಿನಲ್ಲಿ ಉಳಿದರು. ದರ್ಜೆ ಏರಿದ್ದಕ್ಕೆ ಬ್ಯಾನರ್ ಕಟ್ಟಿದವರ ಫೋಟೊ ಎಲ್ಲ ಕಡೆ ಬಂತು, ಈ ನೋಂದಣಿಗೆ ಓಡಾಡಿದವರ ಫೋಟೊ ನಾನಂತೂ ಎಲ್ಲೂ ನೋಡಲಿಲ್ಲ. ನನ್ನ ಮನಸ್ಸಿನಲ್ಲಿ ಅವರದೇ ದೊಡ್ಡ ಕೆಲಸ.

ಈಗ 2022ರ ಕೊನೆಯ ದಿನದ ಮಾತು. ಆ ದಿನ ಕಿಗಾಲಿಯ ಗುಡ್ಡಗಳಲ್ಲೇ ಸುತ್ತುವ ಎಂಟನೆಯ ಸ್ಟೇಜು. ಮೊಯಿಸ್ ಮುಗಿಶಾ ಗೆದ್ದ. 2.1 ಆದಮೇಲೆ ರುವಾಂಡಾದವನೊಬ್ಬ ಗೆದ್ದ ಮೊದಲ ಸ್ಟೇಜು ಅದು. ಒಟ್ಟು ರೇಸು ಅಲ್ಲ, ಎಂಟರಲ್ಲಿ ಒಂದು ದಿನ. ಅದಕ್ಕೆ ಈ ಊರು ಕುಣಿದದ್ದನ್ನು ನೀನು ನೋಡಬೇಕಿತ್ತು. ಶಾಲೆಯ ಮಕ್ಕಳು, ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು, ಸೈಕಲ್ಲಿನ ಹಿಂದೆ ಗಿರಾಕಿಯನ್ನು ಕೂರಿಸಿಕೊಂಡು ಓಡುವ ಅಬನ್ಯೊಂಜಿ ಹುಡುಗರು, ಎಲ್ಲರೂ ಕೂಗುತ್ತಿದ್ದರು. ಹಿಂದಿನ ಐದು ಹಳದಿ ಜರ್ಸಿಗಳನ್ನು ನೋಡಿದ ಜನವೇ ಇವರು. ಆದರೂ ಈ ಒಂದು ದಿನದ ಬೆಲೆ ಅವರಿಗೆ ಗೊತ್ತಿತ್ತು, ಎದುರಿಗೆ ಯಾರಿದ್ದರು ಎಂಬುದು ಗೊತ್ತಿದ್ದರಿಂದ. ನೀನೂ ಹಾಗೆ ಅಳೆಯುವುದನ್ನು ಕಲಿ. ನಮ್ಮ ಜಿಲ್ಲೆಯಲ್ಲಿ ಪದಕ ತಂದವನಿಗೆ ಮೆರವಣಿಗೆ, ಇಪ್ಪತ್ತನೆಯವನಿಗೆ ಬೈಗುಳ. ದೊಡ್ಡ ರೇಸಿನ ಇಪ್ಪತ್ತನೆಯ ಸ್ಥಾನ ಎಷ್ಟು ಕಷ್ಟದ್ದು ಎಂದು ಮನೆಯವರಿಗೆ ವಿವರಿಸುವ ಕೆಲಸ ನನಗೆ ಬಿಡು, ನಾನು ಮಾಡುತ್ತೇನೆ. ನಿನಗೆ ನೀನು ಮಾತ್ರ ಸುಳ್ಳು ಲೆಕ್ಕ ಹೇಳಿಕೊಳ್ಳಬೇಡ.

2025ರ ಸೆಪ್ಟೆಂಬರ್‌ನಲ್ಲಿ ಇದೇ ಕಿಗಾಲಿಯಲ್ಲಿ ರೋಡ್ ಸೈಕ್ಲಿಂಗ್ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು, ಆಫ್ರಿಕಾದ ನೆಲದಲ್ಲಿ ಮೊದಲ ಸಲ. ಪುರುಷರ ರೋಡ್ ರೇಸು 267.5 ಕಿಲೋಮೀಟರ್. ಸ್ಲೊವೇನಿಯಾದ ತಾದೆಯ್ ಪೊಗಾಚಾರ್ ಗೆದ್ದದ್ದು ನೀನೂ ಫೋನಿನಲ್ಲಿ ನೋಡಿದ್ದೀ. ಜಗತ್ತಿನ ಆಯ್ದ ಸವಾರರಲ್ಲಿ ಕೊನೆಯ ಗೆರೆ ದಾಟಿದವರು 30 ಜನ ಮಾತ್ರ ಎಂಬುದನ್ನೂ ನೆನಪಿಡು. ಆ ಏರುಗಳಲ್ಲಿ ಒಂದೊಂದಾಗಿ ಕೈಬಿಟ್ಟವರ ಮುಖ ನೋಡಿದಾಗ ನನಗೆ ಸೊಲ್ಲಾಪುರ ರಸ್ತೆಯ ಗಾಳಿಯಲ್ಲಿ ಬೆಳೆದ ನಿನ್ನದೇ ಚಿಂತೆ.

ಹೀಗಿರುವಾಗ ನಾನು ನಿನಗೆ ಹೇಳುವುದು ಇಷ್ಟೇ. ಪುಣೆಯ ರೇಸಿನ ದರ್ಜೆ ಎಂದು ಏರುತ್ತದೆ ಎಂದು ಕಾಯಬೇಡ. ಅದು ಏರುವ ಮುನ್ನದ ವರ್ಷಗಳೇ ನಿಮ್ಮ ಹುಡುಗರ ವರ್ಷಗಳು. ರುವಾಂಡಾದವರು ಕಲಿತದ್ದೆಲ್ಲ ಆ ಹತ್ತು ವರ್ಷಗಳಲ್ಲಿ ಕಲಿತರು. 2010ರಲ್ಲಿ, ಈ ರೇಸು ಇನ್ನೂ 2.2 ಇದ್ದಾಗ, ಇಲ್ಲಿ ಗೆದ್ದವನು ಎರಿಟ್ರಿಯಾದ ಡೇನಿಯಲ್ ತೆಕ್ಲೆಹೈಮಾನೋತ್. ಐದು ವರ್ಷದ ಮೇಲೆ ಅವನು ಟೂರ್ ದ ಫ್ರಾನ್ಸ್‌ನಲ್ಲಿ ಏರಿನ ರಾಜನಿಗೆ ಕೊಡುವ ಕೆಂಪು ಚುಕ್ಕೆಯ ಜರ್ಸಿ ತೊಟ್ಟ. 2017ರಲ್ಲಿ ಗೆದ್ದ ಅರೆರುಯಾ 2019ರಲ್ಲಿ ಫ್ರಾನ್ಸಿನ ತಂಡದ ಪರವಾಗಿ ಪ್ಯಾರಿಸ್-ರೂಬೆ ಎಂಬ ಹೆಸರಾಂತ ಒಂದು ದಿನದ ರೇಸಿನ ಕಲ್ಲುಹಾದಿಯಲ್ಲಿ ಓಡಿದ. ಸಣ್ಣ ದರ್ಜೆಯ ರೇಸು ಎಂದು ಅವರು ತಾತ್ಸಾರ ಮಾಡಿದ್ದರೆ ಆ ದಾರಿ ತೆರೆಯುತ್ತಿರಲಿಲ್ಲ.

ಅದಕ್ಕೆ ನೀನು ಏನು ಮಾಡಬೇಕು? ಮೊದಲನೆಯದು, ಡಿಪ್ಲೊಮಾ ಮುಗಿಸು. ಇದು ಅಕ್ಕನ ಮಾತಿಗೆ ಕಟ್ಟುಬಿದ್ದು ಹೇಳುತ್ತಿರುವುದಲ್ಲ. ಸೈಕ್ಲಿಂಗ್‌ನಲ್ಲಿ ಒಂದು ಬಿದ್ದ ಗಾಯ, ಒಂದು ಮುರಿದ ಕೊರಳೆಲುಬು ಸಾಕು ವರ್ಷ ಹೋಗಲು. ಉಳಿದಿರುವುದು ಮೂರು ಸೆಮಿಸ್ಟರ್. ಬೆಳಗಿನ ನಾಲ್ಕು ತಾಸು ನಿನ್ನದೇ ಇವೆ, ಕಾಲೇಜು ಅವನ್ನು ಕಿತ್ತುಕೊಳ್ಳುವುದಿಲ್ಲ.

ಎರಡನೆಯದು, ನಮ್ಮ ಕಡೆಯ ಹುಡುಗರ ಬಲ ಟೈಮ್ ಟ್ರಯಲ್‌ನಲ್ಲಿ. ಬಯಲು, ನೇರ ರಸ್ತೆ, ಎದುರುಗಾಳಿ, ಒಬ್ಬನೇ ತಲೆ ತಗ್ಗಿಸಿ ತುಳಿಯುವುದು. ಸ್ಟೇಜ್ ರೇಸು ಇನ್ನೊಂದು ವಿದ್ಯೆ ಕೇಳುತ್ತದೆ. ನೂರು ಜನರ ಗುಂಪಿನಲ್ಲಿ ಮುಂದಿನವನ ಗಾಲಿಗೆ ಅಂಗೈ ಅಗಲದ ಅಂತರದಲ್ಲಿ ಗಂಟೆಗಟ್ಟಲೆ ಓಡುವುದು, ತಿರುವಿನಲ್ಲಿ ಜಾಗ ಬಿಟ್ಟುಕೊಡದಿರುವುದು, ಇಳಿಜಾರಿನಲ್ಲಿ ಹೆದರಿ ಸುಮ್ಮನೆ ಬ್ರೇಕ್ ಹಿಡಿಯದಿರುವುದು, ಹಸಿವಾಗುವ ಮುಂಚೆಯೇ ತಿನ್ನುವುದು, ಇವತ್ತು ದಣಿದ ಕಾಲಿನಲ್ಲಿ ನಾಳೆ ಮತ್ತೆ ಏರುವುದು. ಇಲ್ಲಿ ಬಂದ ಎಷ್ಟೋ ಬಲಶಾಲಿಗಳು ಏರಿನಲ್ಲಿ ಸೋತವರಲ್ಲ, ಏರಿನ ಬುಡಕ್ಕೆ ಬರುವಾಗ ಗುಂಪಿನ ಹಿಂದೆ ಉಳಿದು ಸೋತವರು. ವಾರಕ್ಕೊಮ್ಮೆಯಾದರೂ ಹತ್ತಾರು ಗೆಳೆಯರನ್ನು ಕೂಡಿಸಿಕೊಂಡು ಗುಂಪಿನಲ್ಲಿ ಓಡು. ರಜೆ ಸಿಕ್ಕಾಗ ಬೆಳಗಾವಿಗೆ ಹೋಗಿ ಚೋರ್ಲಾ ಘಾಟ್ ಹತ್ತಿ ಇಳಿ, ಲಾರಿಗಳು ಹೆಚ್ಚಾಗುವ ಮುಂಚೆ, ಬೆಳಕು ಹರಿದ ಕೂಡಲೆ. ಹೆಲ್ಮೆಟ್ ಇಲ್ಲದೆ ಒಂದು ಮೀಟರೂ ಬೇಡ.

ತಂಡದಲ್ಲಿ ನಾಯಕನಿಗೆ ನೀರಿನ ಬಾಟಲಿ ತಂದುಕೊಡುವ ಕೆಲಸ ಕೊಟ್ಟರೆ ಮುಖ ಸಿಂಡರಿಸಬೇಡ. ಕಾರಿನವರೆಗೆ ಹಿಂದೆ ಹೋಗಿ, ಜರ್ಸಿಯ ತುಂಬ ಬಾಟಲಿ ತುಂಬಿಕೊಂಡು ಮತ್ತೆ ಗುಂಪಿನ ಮುಂದಕ್ಕೆ ಬರುವವನ ಶಕ್ತಿ ಸಾಮಾನ್ಯದ್ದಲ್ಲ. ಆ ಕೆಲಸ ಅಚ್ಚುಕಟ್ಟಾಗಿ ಮಾಡುವವನಿಗೆ ದೊಡ್ಡ ತಂಡಗಳಲ್ಲಿ ಸಂಬಳವಿದೆ, ಮರ್ಯಾದೆಯಿದೆ.

ಇನ್ನು ಸೂಜಿಯ, ಅಂದರೆ ಉದ್ದೀಪನ ಮದ್ದಿನ ವಿಷಯ. ಮೈದಾನದ ಮೂಲೆಯಲ್ಲಿ "ಇದೊಂದು ತಗೋ, ರಿಕವರಿಗೆ" ಎಂದು ಯಾರು ಏನೇ ಕೊಟ್ಟರೂ ಮುಟ್ಟಬೇಡ. ಕೊಡುವವನು ಹಿರಿಯ ಸವಾರನಾಗಿರಲಿ, ನಿನಗೆ ಉಪಕಾರ ಮಾಡಿದವನೇ ಆಗಿರಲಿ. ಜ್ವರ, ನೆಗಡಿಗೆ ಡಾಕ್ಟರ ಹತ್ತಿರ ಹೋದಾಗಲೂ ಪರೀಕ್ಷೆಗೆ ಒಳಪಡುವ ಕ್ರೀಡಾಪಟು ನಾನು ಎಂದು ಮೊದಲೇ ಹೇಳು, ಚೀಟಿ ಎತ್ತಿಡು. ನಿನ್ನ ಸೋಲನ್ನು ನಾನು ಎಷ್ಟು ಸಲ ಬೇಕಾದರೂ ತಡೆದುಕೊಂಡೇನು. ಇದೊಂದನ್ನು ತಡೆದುಕೊಳ್ಳಲಾರೆ.

ಇನ್ನೊಂದು ಮಾತು, ಇದು ನಿನಗೊಬ್ಬನಿಗೇ ಅಲ್ಲ, ನಿನ್ನ ಕೋಚ್‌ಗೂ ಜಿಲ್ಲೆಯ ಹಿರಿಯ ಸವಾರರಿಗೂ ಸೇರಿದ್ದು. ದೊಡ್ಡ ರೇಸಿಗೆ ರಸ್ತೆ, ಹೋಟೆಲು, ಟಿವಿ, ಪೊಲೀಸು ಎಲ್ಲ ಸರ್ಕಾರ ಮನಸ್ಸು ಮಾಡಿದರೆ ಆಗುತ್ತದೆ. ಹತ್ತು ಹುಡುಗರನ್ನು ವರ್ಷವಿಡೀ ಸಾಕುವ ತಂಡ ಹಾಗೆ ಆಗುವುದಿಲ್ಲ. ಕ್ಲಬ್ಬುಗಳಿಗೆ ಬಾಗಿಲು ತೆರೆದಿರುವಾಗಲೇ ಒಂದು ಗಟ್ಟಿ ತಂಡ ಕಟ್ಟಿ, ಮುಂದೆ ಅದನ್ನು ಕಾಂಟಿನೆಂಟಲ್ ಆಗಿ ನೋಂದಾಯಿಸುವ ಯೋಚನೆ ಈಗಲೇ ಇರಬೇಕು. ಈ ಪತ್ರವನ್ನು ಅವರಿಗೆ ಓದಿಸು. ಇಲ್ಲಿನ ಕ್ಲಬ್ಬಿನವರ ಹತ್ತಿರ ಕೇಳಿ ತಿಳಿದು ಬರೆಯಬೇಕಾದದ್ದಿದ್ದರೆ ನಾನು ಕೇಳಿ ಬರೆಯುತ್ತೇನೆ.

ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ ಎಂದು ಅಕ್ಕ ಹೇಳಿದಳು. ಈ ವಾರವೇ ಅರ್ಜಿ ಹಾಕು. ಫೆಬ್ರವರಿ ಕೊನೆಯಲ್ಲಿ ನಿನಗೆ ಪರೀಕ್ಷೆ ಇಲ್ಲದಿದ್ದರೆ ಇಲ್ಲಿಗೆ ಬಾ, ಟಿಕೆಟ್ ನನ್ನದು. ಕಿಗಾಲಿಯ ಕಲ್ಲುಹಾಸಿನ ಏರಿನಲ್ಲಿ ನಿಂತು ಗುಂಪು ಹಾದುಹೋಗುವುದನ್ನು ಕಣ್ಣಾರೆ ನೋಡು. ರೇಸು ಮುಗಿದ ಮರುದಿನ ನನ್ನ ಸೈಕಲ್ ಕೊಡುತ್ತೇನೆ, ಅದೇ ಏರು ಹತ್ತು. ಬರುವಾಗ ಮಾಮಿಗೆ ಶೇಂಗಾ ಚಟ್ನಿಪುಡಿ, ಹತ್ತು ಖಡಕ್ ರೊಟ್ಟಿ ತರುವುದು ಮರೆಯಬೇಡ. ಅಕ್ಕನಿಗೆ, ಭಾವನಿಗೆ ನಮ್ಮ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಸೋದರಮಾವ