ಹಳೆಯ ಔಟ್‌ಬೋರ್ಡ್ ಎಂಜಿನ್: ಗುಜರಿಗೆ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ಅಪ್ಪನ ಕಾಲದ್ದೋ ಅಜ್ಜನ ಕಾಲದ್ದೋ ಆದ ದೋಣಿ ಎಂಜಿನ್ ಮನೆಯ ಮೂಲೆಯಲ್ಲಿದ್ದರೆ, ಬೆಲೆ ಕಟ್ಟಲು ಬಂದವರು ಮೊದಲು ಕೇಳುವುದು ಅದಕ್ಕೆ ಎಷ್ಟು ವರ್ಷವಾಯಿತು ಎಂದು. ಆದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಇಂಥ ಔಟ್‌ಬೋರ್ಡ್ ಎಂಜಿನ್‌ಗೆ ವಯಸ್ಸಿಗಿಂತ ದೊಡ್ಡ ಶತ್ರುಗಳು ನಾಲ್ಕಿವೆ: ತೊಳೆಯದೆ ಬಿಟ್ಟ ಉಪ್ಪು, ತಂಪುನೀರು ಸಿಗದೆ ಏರಿದ ಬಿಸಿ, ಗೇರ್ ಬಾಕ್ಸಿಗೆ ನುಗ್ಗಿದ ನೀರು, ಕಾರ್ಬೊರೇಟರ್‌ನಲ್ಲಿ ತಿಂಗಳುಗಟ್ಟಲೆ ಉಳಿದ ಪೆಟ್ರೋಲ್. ಇವುಗಳಿಂದ ಕಾಪಾಡಿಕೊಂಡು ಬಂದ 30 ವರ್ಷದ ಎಂಜಿನ್, ಒಮ್ಮೆಯೂ ತೊಳೆಸಿಕೊಳ್ಳದ 5 ವರ್ಷದ ಎಂಜಿನ್‌ಗಿಂತ ಹೆಚ್ಚು ಬಾಳಬಲ್ಲದು. ಹಾಗಾಗಿ ಬಿಚ್ಚಿ ನೋಡದೆ ತೂಕಕ್ಕೆ ಮಾರಬೇಡಿ ಎಂಬುದು ನಮ್ಮ ಕಳಕಳಿಯ ಮನವಿ.

ಮೊದಲು ನೋಡಬೇಕಾದದ್ದು ಗೇರ್ ಆಯಿಲ್. ಎಂಜಿನ್ನನ್ನು ಒಂದು ರಾತ್ರಿ ನೆಟ್ಟಗೆ ನಿಲ್ಲಿಸಿಟ್ಟು, ಬೆಳಿಗ್ಗೆ ಗೇರ್ ಬಾಕ್ಸಿನ ಕೆಳಗಿನ ಸ್ಕ್ರೂ ಸ್ವಲ್ಪವೇ ಸಡಿಲಿಸಿ. ನೀರು ಎಣ್ಣೆಗಿಂತ ಭಾರ. ಒಳಗೆ ನೀರಿದ್ದರೆ ಅದೇ ಮೊದಲು ಹೊರಬರುತ್ತದೆ. ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೂ ಅರ್ಥ ಒಂದೇ, ನೀರು ತಡೆಯುವ ರಬ್ಬರ್ ಸೀಲ್ ಹೋಗಿದೆ. ಬಹಳ ಸಲ ಇದಕ್ಕೆ ಕಾರಣ ಪ್ರೊಪೆಲ್ಲರ್ ಹಿಂದೆ ಶಾಫ್ಟಿಗೆ ಸುತ್ತಿಕೊಂಡ ಗಾಳದ ನೈಲಾನ್ ದಾರ. ಅದು ಸೀಲನ್ನು ಕೊಯ್ಯುತ್ತಾ ಹೋಗುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಪ್ರೊಪೆಲ್ಲರ್ ಕಳಚಿ ದಾರ ತೆಗೆದು ಸೀಲ್ ಬದಲಿಸಿದರೆ ಮುಗಿಯಿತು. ನಿರ್ಲಕ್ಷಿಸಿದರೆ ಬೇರಿಂಗ್ ತುಕ್ಕು ಹಿಡಿದು ಗೇರ್ ಹಲ್ಲು ಸವೆಯುತ್ತದೆ. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದಲೇ ಒತ್ತಿ ತುಂಬಿಸಬೇಕು, ಮೇಲಿನ ತೂತಿನಿಂದ ಗುಳ್ಳೆಯಿಲ್ಲದೆ ಉಕ್ಕುವವರೆಗೆ. ಮೇಲಿನಿಂದ ಸುರಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಮೊದಲು ಮೇಲಿನ ಸ್ಕ್ರೂ ಬಿಗಿದು ಆಮೇಲೆ ಟ್ಯೂಬ್ ತೆಗೆದರೆ ಎಣ್ಣೆ ಚೆಲ್ಲುವುದಿಲ್ಲ. ಎರಡೂ ಸ್ಕ್ರೂಗಳಿಗೆ ಹೊಸ ವಾಷರ್ ಹಾಕಿ.

ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಉಂಟುಮಾಡುವ ಒತ್ತಡ. ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಪ್ಲಗ್ ವೈರ್‌ಗಳನ್ನು ಎಂಜಿನ್ನಿನ ಲೋಹದ ಮೈಗೆ ಅರ್ತ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು, ಪ್ಲಗ್ ತೂತಿಗೆ ಹಾಕಿದ ಒತ್ತಡದ ಗೇಜಿನ ಮುಳ್ಳು ಏರುವುದು ನಿಲ್ಲುವವರೆಗೆ ಹಗ್ಗ ಎಳೆಯಿರಿ. ಎಷ್ಟಿರಬೇಕು ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಶೇ 10 ದಾಟಬಾರದು ಎಂಬುದೇ ಮುಖ್ಯ. ಬಿಚ್ಚಿದ ಪ್ಲಗ್‌ಗಳನ್ನೂ ಗಮನಿಸಿ: ಒಂದು ಮಾತ್ರ ತೊಳೆದಷ್ಟು ಸ್ವಚ್ಛವಾಗಿದ್ದರೆ ಹೆಡ್ ಗ್ಯಾಸ್ಕೆಟ್ ಮೂಲಕ ಆ ಸಿಲಿಂಡರಿಗೆ ನೀರು ಸೋರುತ್ತಿರಬಹುದು.

ಇನ್ನು ನೀರಿನ ಪಂಪು. ಹೆಚ್ಚಿನ ಒಳ್ಳೆಯ ಎಂಜಿನ್‌ಗಳು ಸಾಯುವುದೇ ಇಲ್ಲಿ. ಅದರೊಳಗೆ ನೀರನ್ನು ತಳ್ಳುವ ರಬ್ಬರ್ ಚಕ್ರದ (ಇಂಪೆಲರ್) ರೆಕ್ಕೆಗಳು ಓಡಿಸದೆ ಇಟ್ಟಾಗ ಬಾಗಿದಲ್ಲೇ ಸೆಟೆದುಕೊಳ್ಳುತ್ತವೆ. ನೀರಿಲ್ಲದೆ ‘ಸುಮ್ಮನೆ ಒಮ್ಮೆ ಸ್ಟಾರ್ಟ್ ಮಾಡಿ ನೋಡೋಣ’ ಎಂದರೆ ಅರ್ಧ ನಿಮಿಷವೂ ಬೇಡ, ಸುಟ್ಟುಹೋಗುತ್ತವೆ. ಪರೀಕ್ಷಿಸುವುದಿದ್ದರೆ ಡ್ರಮ್ಮಿನಲ್ಲಿ ಪ್ರೊಪೆಲ್ಲರ್ ಮೇಲಿನ ಪ್ಲೇಟು ಪೂರ್ತಿ ಮುಳುಗುವಷ್ಟು ನೀರು ಬೇಕು. ಶುರುವಾದೊಡನೆ ಹಿಂಬದಿಯಿಂದ ಸಣ್ಣ ಧಾರೆ ಚಿಮ್ಮಬೇಕು. 1950–60ರ ದಶಕದ ಎಷ್ಟೋ ಮಾದರಿಗಳಲ್ಲಿ ಆ ಧಾರೆಯೇ ಇಲ್ಲ, ಎಂಜಿನ್ನಿನ ಕಾಲಿನ (ನೀರಿಗೆ ಇಳಿಬಿಡುವ ಉದ್ದ ಭಾಗ) ಹಿಂದಿನ ರಂಧ್ರದಿಂದ ಹೊಗೆಯ ಜೊತೆ ನೀರು ಸಿಡಿಯುತ್ತದೆ. ಅದನ್ನು ಕಂಡು ಕೆಟ್ಟಿದೆ ಎಂದುಕೊಳ್ಳಬೇಡಿ.

ಎಷ್ಟೋ ಕಾಲ ನಿಂತಿದ್ದ ಎಂಜಿನ್ ಆದರೆ ಇಂಪೆಲರ್ ಚೆನ್ನಾಗಿ ಕಂಡರೂ ಬದಲಿಸಿಯೇ ಓಡಿಸಿ. ಬೋಲ್ಟ್ ಬಿಚ್ಚಿ, ಗೇರ್ ರಾಡ್ ಕಳಚಿ, ಕೆಳಭಾಗವನ್ನು ನೇರವಾಗಿ ಇಳಿಸಿ. ಹಳೆಯ ಇಂಪೆಲರ್‌ನ ರೆಕ್ಕೆ ಮುರಿದಿದ್ದರೆ ತುಂಡುಗಳನ್ನೆಲ್ಲ ಹುಡುಕಿ ತೆಗೆಯಲೇಬೇಕು. ನೀರಿನ ದಾರಿಯಲ್ಲಿ ಒಂದು ಚೂರು ಉಳಿದರೂ ಹೊಸ ಪಂಪು ಹಾಕಿ ಪ್ರಯೋಜನವಿಲ್ಲ. ಹೊಸದಕ್ಕೆ ಸಾಬೂನು ನೀರು ಸವರಿ, ಮೇಲಿನಿಂದ ನೋಡಿದಾಗ ಶಾಫ್ಟ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುವಂತೆ ತಿರುಗಿಸುತ್ತಾ ಕವಚ ಕೂರಿಸಿದರೆ ರೆಕ್ಕೆಗಳು ಸರಿಯಾದ ಕಡೆಗೆ ಬಾಗುತ್ತವೆ. ಶಾಫ್ಟಿನ ಹಲ್ಲುಗಳ ಬದಿಗೆ ಗ್ರೀಸ್ ಹಚ್ಚಿ, ನೆತ್ತಿಗೆ ಮಾತ್ರ ಬೇಡ. ಅಲ್ಲಿ ಗ್ರೀಸ್ ತುಂಬಿಕೊಂಡರೆ ಶಾಫ್ಟ್ ಪೂರ್ತಿ ಮೇಲೇರಿ ಕೂರುವುದಿಲ್ಲ.

ಕಿಡಿ ಬರುತ್ತಿಲ್ಲ ಎಂಬ ಕಾರಣಕ್ಕೇ ಎಸೆದ ಎಂಜಿನ್‌ಗಳಿಗೆ ಲೆಕ್ಕವಿಲ್ಲ. ಪಾಯಿಂಟ್ (ಕಿಡಿಗಾಗಿ ವಿದ್ಯುತ್ತನ್ನು ಕೂಡಿಸಿ ಕಡಿಯುವ ಲೋಹದ ತುದಿಗಳು) ಇರುವ ಹಳೆ ಮಾದರಿಗಳಲ್ಲಿ ಫ್ಲೈವೀಲ್ ಕೆಳಗಿನ ಪಾಯಿಂಟ್‌ಗಳಿಗೆ ಕಿಲುಬು ಹಿಡಿದಿರುವುದು ಸಾಮಾನ್ಯ. ಅವನ್ನು ಉಜ್ಜಿ ಶುಚಿ ಮಾಡಿ, ಕೈಪಿಡಿಯಲ್ಲಿ ಹೇಳಿದ ಸಂದಿಗೆ (ಅನೇಕ ಮಾದರಿಗಳಲ್ಲಿ 0.5 ಮಿ.ಮೀ.) ಹೊಂದಿಸಿ. ಕಿಡಿಗೆ ವಿದ್ಯುತ್ ಒದಗಿಸುವ ಕಾಯಿಲ್‌ನ ಹೊದಿಕೆ ಬಿರುಕು ಬಿಟ್ಟಿದ್ದರೆ ಬದಲಿಸಿ.

ಪೆಟ್ರೋಲಿಗೇ ಎಣ್ಣೆ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಎಂಜಿನ್‌ಗಳಿಗೆ ಎಣ್ಣೆಯ ಪ್ರಮಾಣದಲ್ಲಿ ಅಂದಾಜು ಸಲ್ಲದು. 50:1 ಅಂದರೆ 10 ಲೀಟರ್ ಪೆಟ್ರೋಲಿಗೆ 200 ಮಿ.ಲೀ.; 24:1 ಅಂದರೆ ಸುಮಾರು 420 ಮಿ.ಲೀ. ಹಳೆಯ ಎಂಜಿನ್ 24:1 ಕೇಳುವಂಥದ್ದಾದರೆ 50:1 ಹಾಕಿ ಉಳಿತಾಯ ಮಾಡಲು ಹೋಗಬೇಡಿ, ಬೇರಿಂಗ್ ಒಣಗುತ್ತದೆ. ಎಣ್ಣೆ ಡಬ್ಬಿಯ ಮೇಲೆ ಟಿಸಿ-ಡಬ್ಲ್ಯು3 ಎಂದಿರಬೇಕು, ಅದು ನೀರಿನಿಂದ ತಂಪಾಗುವ ಟೂ ಸ್ಟ್ರೋಕ್ ದೋಣಿ ಎಂಜಿನ್‌ಗಳ ಎಣ್ಣೆಯ ಗುರುತು. ಬೈಕಿನ 2ಟಿ ಎಣ್ಣೆ ಗಾಳಿಯಿಂದ ತಂಪಾಗುವ ಎಂಜಿನ್‌ಗಾಗಿ ಮಾಡಿದ್ದು. ಎಥೆನಾಲ್ ಬೆರೆತ ಪೆಟ್ರೋಲ್ ನೀರು ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ತಿನ್ನುತ್ತದೆ. ಪೈಪು ಬದಲಿಸಿ. ಎಂಜಿನ್ ಎತ್ತಿಡುವ ಮುನ್ನ ಪೆಟ್ರೋಲ್ ಪೈಪು ಕಳಚಿ, ಕಾರ್ಬೊರೇಟರ್ ಖಾಲಿಯಾಗಿ ತಾನೇ ನಿಲ್ಲುವವರೆಗೆ ನೀರಿನಲ್ಲೇ ಓಡಿಸಿ.

ಒಂದು ದೋಷವನ್ನು ಮುಚ್ಚಿಡುವಂತಿಲ್ಲ. ಕಾರ್ಬೊರೇಟರ್ ಇರುವ ಟೂ ಸ್ಟ್ರೋಕ್ ಎಂಜಿನ್, ಕುಡಿದ ಪೆಟ್ರೋಲಿನಲ್ಲಿ ಕಾಲು ಭಾಗದಷ್ಟನ್ನು ಉರಿಸದೆಯೇ ಹೊರಬಿಡಬಹುದು. ದಿನವಿಡೀ ದುಡಿಸುವವರು ಫೋರ್ ಸ್ಟ್ರೋಕ್ ಕೊಳ್ಳುವುದೇ ಸರಿ, ಕುಡಿಯುವ ನೀರಿನ ಕೆರೆಗೆ ಹಳೆಯದನ್ನು ಇಳಿಸಲೇಬಾರದು. ಅಪರೂಪಕ್ಕೆ ಒಂದೆರಡು ತಾಸು ಓಡಿಸುವ ಮನೆಗೆ ಮಾತ್ರ ಅದು ಸಾಕು.

ಮನೆಯವರು ಉಳಿಸಿಕೊಳ್ಳಬೇಕಾದ ಇನ್ನೊಂದು ವಸ್ತು, ಎಂಜಿನ್ ಜೊತೆಗಿನ ಪುಸ್ತಕ. ಇಂಪೆಲರ್ ಬದಲಿಸಿದ ತಾರೀಖು, ಗೇರ್ ಆಯಿಲ್, ಪ್ಲಗ್ ನಂಬರು, ಕಂಪ್ರೆಷನ್ ಅಂಕಿ ಎಲ್ಲ ಅದರಲ್ಲಿರಲಿ. ದೋಣಿಗೆ ಸಿಕ್ಕಿಸುವ ಬ್ರಾಕೆಟ್ ಮೇಲಿನ ತಗಡಿನ ಮಾದರಿ ಸಂಖ್ಯೆಯನ್ನು ಇಂದೇ ಬರೆದಿಡಿ, ಅದು ಅಳಿಸಿದರೆ ಬಿಡಿಭಾಗ ಹುಡುಕುವುದು ಕಷ್ಟ, ಎಷ್ಟು ಎಚ್.ಪಿ. ಎಂದಷ್ಟೇ ಹೇಳಿದರೆ ಅಂಗಡಿಯವರಿಗೆ ಸಾಲದು. ಬಣ್ಣ ಹೊಡೆದು ಹೊಳಪಿಸಿದ ಎಂಜಿನ್‌ಗಿಂತ ಇಂಥ ಪುಸ್ತಕವಿರುವ ಎಂಜಿನ್‌ಗೆ ಬೆಲೆ ಹೆಚ್ಚು ಸಿಗಬೇಕು. ಹಾಗೆಯೇ, ಬಣ್ಣ ಹೊಡೆಯುವಾಗ ಸತುವಿನ ಆನೋಡ್ (ಎಂಜಿನ್ ಸವೆಯದಂತೆ ತಾನೇ ಸವೆಯುವ ಲೋಹದ ತುಂಡು) ಮೇಲೆ ಬಳಿದರೆ ಅದು ಕೆಲಸ ಮಾಡದು, ಅದರ ಬದಲು ಎಂಜಿನ್ನೇ ಸವೆಯುತ್ತದೆ.

ಬ್ಲಾಕ್ ಬಿರುಕು ಬಿಟ್ಟಿದ್ದರೆ, ಸಿಲಿಂಡರ್ ಗೀರಿ ಕಂಪ್ರೆಷನ್ ಪೂರ್ತಿ ಬಿದ್ದಿದ್ದರೆ ಬೇರೆ ಮಾತು. ಆಗಲೂ ಇಡಿಯಾಗಿ ಕೊಡಬೇಡಿ. ಕಾಯಿಲ್, ಕಾರ್ಬೊರೇಟರ್, ಫ್ಲೈವೀಲ್, ಪ್ರೊಪೆಲ್ಲರ್, ಕೆಟ್ಟಿರದ ಗೇರ್ ಬಾಕ್ಸ್ ಇವನ್ನು ಬಿಚ್ಚಿ ಎಣ್ಣೆ ಸವರಿ, ಮಾದರಿ ಸಂಖ್ಯೆಯ ಚೀಟಿ ಕಟ್ಟಿಡಿ. ಅದೇ ಮಾದರಿಯ ಎಂಜಿನ್ ಇಟ್ಟುಕೊಂಡು ಅವನ್ನೇ ಹುಡುಕುತ್ತಿರುವವರು ಇದ್ದೇ ಇರುತ್ತಾರೆ.

– ದೋಣಿ ಎಂಜಿನ್ ದುರಸ್ತಿ ಬಲ್ಲ ಓದುಗರು