ಯೆರೆಮೀಯ 29ನ್ನು ಮೊದಲಿಂದ ಓದು

ಮಂಜೇಶ್ವರ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಅಮ್ಮ ಪಕ್ಕದಲ್ಲೇ ಫೋನಿಗೆ ಕೈ ಚಾಚಿ ನಿಂತಿದ್ದಳು. ಅದೂ ಅಲ್ಲದೆ ಇದು ಫೋನಿನಲ್ಲಿ ಮುಗಿಯುವ ಮಾತೂ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಹೊಸ ವರ್ಷಕ್ಕೆಂದು ಎಲ್ಲರೂ ಒಂದೊಂದು ಬೈಬಲ್ ವಚನದ ಚೀಟಿ ಎತ್ತುತ್ತೇವಲ್ಲ, ನೀನು ಎತ್ತಿದ ಆ ವಾಗ್ದಾನದ ಚೀಟಿಯಲ್ಲಿ ಯೆರೆಮೀಯ 29:11 ಇತ್ತು. ನಿಮ್ಮ ವಿಷಯದಲ್ಲಿ ನನಗಿರುವುದು ಕೇಡಿನ ಯೋಚನೆಯಲ್ಲ, ಹಿತದ ಯೋಚನೆ, ನಿಮಗೆ ಮುಂದೆ ನಿರೀಕ್ಷೆ ಉಂಟು ಎಂದು ದೇವರು ಹೇಳುವ ಮಾತು. ಸರ್ಕಾರಿ ಕೆಲಸಕ್ಕೆ ಆರಿಸುವ ಕೇರಳ ಪಿಎಸ್‌ಸಿಯ ಕನ್ನಡ ಅಧ್ಯಾಪಕರ ರ‍್ಯಾಂಕ್ ಲಿಸ್ಟಿನಲ್ಲಿ ನಿನ್ನ ಹೆಸರೂ ಆ ವರ್ಷವೇ ಬಂತು. ಎರಡನ್ನೂ ಒಟ್ಟಿಗೆ ಇಟ್ಟು ನೋಡದೆ ಇರುವುದು ಯಾರಿಗೆ ಸಾಧ್ಯ? ಈಗ ಲಿಸ್ಟಿನ ಅವಧಿ ಮುಗಿಯುತ್ತಾ ಬಂದಿದೆ. ಕರೆ ಬಂದಿಲ್ಲ. 'ಪಪ್ಪಾ, ದೇವರು ಮಾತು ಕೊಟ್ಟು ಮರೆತರಾ' ಅಂತ ಕೇಳಿದೆ.

ಚೀಟಿ ಎತ್ತುವುದನ್ನು ನಾನು ಹಗುರವಾಗಿ ಮಾತಾಡುವವನಲ್ಲ. ನಿನ್ನ ಅಜ್ಜಿ ತನ್ನ ಚೀಟಿಗಳನ್ನೆಲ್ಲ ಬೈಬಲಿನ ಒಳಗೇ ಇಟ್ಟುಕೊಂಡಿದ್ದರು. ಆದರೆ ಚೀಟಿಯಲ್ಲಿ ಒಂದೇ ವಚನಕ್ಕೆ ಜಾಗ. ಅದರ ಹಿಂದೆ ಮುಂದೆ ಇರುವುದು ಅಲ್ಲಿ ಹಿಡಿಸುವುದಿಲ್ಲ. ಈ ವಚನದ ಮಟ್ಟಿಗೆ ಹಿಂದಿನ ವಚನಗಳು ಇಲ್ಲದಿದ್ದರೆ ಅರ್ಧ ಮಾತೇ ಹೋಯಿತು.

ಯೆರೆಮೀಯ 29 ಒಂದು ಪತ್ರ, ಗೊತ್ತುಂಟಲ್ಲ? ಊರಲ್ಲಿ ಇರುವ ಪ್ರವಾದಿ ಯೆರೆಮೀಯ ಊರು ಬಿಟ್ಟವರಿಗೆ ಬರೆದದ್ದು. ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನಿಂದ ಅರಸನನ್ನೂ ದೊಡ್ಡ ದೊಡ್ಡವರನ್ನೂ ಬಡಗಿ ಕಮ್ಮಾರರನ್ನೂ ಬಾಬೆಲಿಗೆ ಸೆರೆ ಒಯ್ದ. ಅಲ್ಲಿ ಕುಳಿತವರಿಗೆ ಒಂದೇ ಚಿಂತೆ: ವಾಪಸ್ ಯಾವಾಗ? ಆಗ ಇತ್ತ ಊರಲ್ಲಿ ಹನನ್ಯ ಎಂಬ ಪ್ರವಾದಿ ಎದ್ದು ನಿಂತು, ಎರಡೇ ವರ್ಷ, ಎಲ್ಲರೂ ಬರುತ್ತಾರೆ, ದೇವಾಲಯದ ಪಾತ್ರೆಗಳೂ ಬರುತ್ತವೆ ಅಂದ. ಬಾಬೆಲಿನ ಅಧೀನತೆಯ ಗುರುತಾಗಿ ಯೆರೆಮೀಯ ತನ್ನ ಹೆಗಲ ಮೇಲೆ ಹೊತ್ತಿದ್ದ ನೊಗವನ್ನು ಹನನ್ಯ ಎಲ್ಲರೆದುರು ಕಿತ್ತು ಮುರಿದ. ಜನರಿಗೆ ಎಷ್ಟು ಸಂತೋಷವಾಗಿರಬೇಡ!

ನನಗೆ ಈ ಕಥೆ ಬರುವ 28ನೇ ಅಧ್ಯಾಯದಲ್ಲಿ ತುಂಬಾ ಹಿಡಿಸುವುದು ಯೆರೆಮೀಯನ ಮೊದಲ ಉತ್ತರ. ಅವನು 'ಆಮೆನ್, ಕರ್ತನು ಹಾಗೆಯೇ ಮಾಡಲಿ' ಎನ್ನುತ್ತಾನೆ. ಅವನಿಗೂ ಅದೇ ಬೇಕಿತ್ತು. ಯಾರಿಗೆ ಬೇಡ? ಆದರೆ ದೇವರು ಹೇಳಿದ್ದು ಬೇರೆ. ಎರಡಲ್ಲ, 70 ವರ್ಷ. ಆಮೇಲೆ ಬರೆದ ಪತ್ರದಲ್ಲಿ ಅದನ್ನೇ ಹೇಳಿದ. ಮನೆ ಕಟ್ಟಿಕೊಂಡು ವಾಸಮಾಡಿ. ತೋಟ ಮಾಡಿ ಅದರ ಫಲ ತಿನ್ನಿ. ಮಕ್ಕಳಿಗೆ ಮದುವೆ ಮಾಡಿಸಿ. ನಿಮ್ಮನ್ನು ಒಯ್ದಿರುವ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಇಷ್ಟು ಹೇಳಿದ ಮೇಲೆ ಬರುತ್ತದೆ ನಿನ್ನ ಚೀಟಿಯ ವಚನ.

ತೋಟದ ಮಾತು ನಮ್ಮಂಥವರಿಗೆ ಬೇಗ ಅರ್ಥವಾಗುತ್ತದೆ. ಎರಡು ವರ್ಷದಲ್ಲಿ ಊರಿಗೆ ಹೋಗುವವನು ಅಡಿಕೆ ಸಸಿ ನೆಡುತ್ತಾನಾ? ಹೆಚ್ಚೆಂದರೆ ಒಂದು ಬಸಳೆ ಚಪ್ಪರ ಹಾಕಿಯಾನು. ಅಡಿಕೆ ಹಿಂಗಾರ ಬಿಡಲಿಕ್ಕೇ ಐದಾರು ವರ್ಷ ಬೇಕು. ಹನನ್ಯನನ್ನು ನಂಬಿದವರು ಏನೂ ನೆಡದೆ ಗಂಟುಮೂಟೆ ಕಟ್ಟಿ ಕುಳಿತಿರಬೇಕು. ಯೆರೆಮೀಯನನ್ನು ನಂಬಿದವರು ಗುಂಡಿ ತೋಡಿರಬೇಕು. ನೋಡುವವರಿಗೆ ಮೊದಲಿನವರ ವಿಶ್ವಾಸವೇ ದೊಡ್ಡದು ಅನಿಸೀತು. ನನಗೆ ಹಾಗೆ ಕಾಣುವುದಿಲ್ಲ.

ಬೇಸರ ಮಾಡಿಕೊಳ್ಳಬೇಡ, ನೀನು ಬೆಂಗಳೂರಿನಲ್ಲಿ ಗಂಟು ಕಟ್ಟಿ ಕುಳಿತಿದ್ದೀಯ. ಇನ್ನೂ ಒಂದು ಮಂಚ ಕೊಂಡಿಲ್ಲ. 'ನಾಳೆ ಕರೆ ಬಂದರೆ ಅದನ್ನು ಯಾರು ಹೊತ್ತು ತರುವುದು' ಅನ್ನುತ್ತೀಯ. ಈಗಿನ ಶಾಲೆಯ ಮಕ್ಕಳ ಹೆಸರು ಕೂಡ ನಿನ್ನ ಬಾಯಲ್ಲಿ ನಾನು ಕೇಳಿಲ್ಲ. ಟ್ರಾಫಿಕ್ಕು, ನೀರಿನ ಟ್ಯಾಂಕರು, ಬಾಡಿಗೆ ಅಂತ ದಿನಾ ಆ ಊರನ್ನು ಬೈಯುತ್ತೀಯ. ಒಂದು ದಿನ ಅದಕ್ಕಾಗಿ ಪ್ರಾರ್ಥನೆ ಮಾಡಿ ನೋಡು ಮಾರಾಯ್ತಿ. ಹಡ್ಸನ್ ಚರ್ಚಿನಲ್ಲಿ ಕನ್ನಡ ಆರಾಧನೆ ಇದೆ. ಭಾನುವಾರ ಮೊಬೈಲಿನಲ್ಲಿ ಪ್ರಸಂಗ ಕೇಳಿ ಮಲಗುವುದನ್ನು ಬಿಟ್ಟು ಅಲ್ಲಿಗೆ ಹೋಗು. ಯಾರಾದರೂ ಮಾತಾಡಿಸಿಯಾರು. ಮೊಬೈಲಿನಲ್ಲಿ ಬರುವ ಪ್ರಸಂಗಗಾರರಲ್ಲಿ ಹನನ್ಯನ ಮೊಮ್ಮಕ್ಕಳು ಜಾಸ್ತಿ ಎಂಬುದು ನನ್ನ ಅಭಿಪ್ರಾಯ. ಈ ತಿಂಗಳೊಳಗೆ ಬಾಗಿಲು ತೆರೆಯುತ್ತದೆ, ಆಮೆನ್ ಅಂತ ಬರೆಯಿರಿ ಅನ್ನುತ್ತಾರೆ. ತಿಂಗಳು ಮುಗಿದ ಮೇಲೆ ಅವರನ್ನು ಎಲ್ಲಿ ಹುಡುಕುವುದು?

ಅಜ್ಜಿಯ ವಿಷಯ ಹೇಳಬೇಕು. 2020ರ ಮಾರ್ಚ್ ನಿನಗೂ ನೆನಪಿರುತ್ತದೆ. ಆದರೆ ನೀನು ಆಗ ಹಾಸ್ಟೆಲಿನಲ್ಲಿ ಸಿಕ್ಕಿಬಿದ್ದಿದ್ದೆ. ಅಜ್ಜಿಗೆ ಡಯಾಲಿಸಿಸ್ ಆಗುತ್ತಿದ್ದದ್ದು ಮಂಗಳೂರಿನಲ್ಲಿ. ನಮಗೆ ಕಾಸರಗೋಡಿಗಿಂತ ಅದೇ ಹತ್ತಿರ ಅಲ್ವಾ. ಲಾಕ್‌ಡೌನ್ ಬಂದು ಕೇರಳ-ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ತಲಪಾಡಿಯಲ್ಲಿ ಆಂಬುಲೆನ್ಸ್‌ಗಳೇ ವಾಪಸ್ ಬಂದವು. ನಮ್ಮ ತಾಲೂಕಿನಲ್ಲಿ ಕೆಲವರು ಚಿಕಿತ್ಸೆ ಸಿಗದೆ ತೀರಿಹೋದರು. ಅವರಲ್ಲಿ ಪ್ರಾರ್ಥನೆ ಮಾಡದವರು ಇದ್ದರು ಅಂತ ಹೇಳಲಿಕ್ಕೆ ನನಗೆ ಬಾಯಿ ಬರುವುದಿಲ್ಲ.

ಆ ದಿನಗಳಲ್ಲಿ ನಾನು ಮುಂದಿನ ವಾರದ ಲೆಕ್ಕ ಹಾಕುತ್ತಿದ್ದೆ. ಅಜ್ಜಿ ಹಾಕುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಕರ್ತನ ಪ್ರಾರ್ಥನೆ ಹೇಳುವಾಗ 'ಅನುದಿನದ ಆಹಾರವನ್ನು ಈಹೊತ್ತು' ಅನ್ನುವಲ್ಲಿ ಸ್ವಲ್ಪ ನಿಲ್ಲುತ್ತಿದ್ದರು. ಕೊನೆಗೆ ಕಾಸರಗೋಡಿನ ಒಂದು ಆಸ್ಪತ್ರೆಯಲ್ಲಿ ಜಾಗ ಸಿಕ್ಕಿತು. ನಮ್ಮ ಕೆಳಗಿನ ಮನೆಯ ಬ್ಯಾರಿ ಹುಡುಗ ಪಾಸ್ ಮಾಡಿಸಿ ತನ್ನ ಗಾಡಿಯಲ್ಲಿ ಕರೆದುಕೊಂಡು ಹೋದ. ಪ್ರತಿ ಸಲವೂ ಅವನೇ ಹೋದ. ದುಡ್ಡು ಕೊಟ್ಟರೆ ಸಿಟ್ಟು ಮಾಡಿದ. ಗಡಿ ತೆರೆಯಲಿ ಅಂತ ನಾನು ಬೇಡಿದ್ದು ಬೇಗ ಆಗಲಿಲ್ಲ. ಅಜ್ಜಿ ಬೇಡಿದ್ದು ದಿನ ದಿನಕ್ಕೂ ಆಯಿತು. ಆಮೇಲೆ ಒಂದು ದಿನ ಅವರು ಹೋದರು, ಅದು ನಿನಗೆ ಗೊತ್ತು. ಕಾರ್ಗತ್ತಲಿನ ಕಣಿವೆ ಇರುವುದೇ ಇಲ್ಲ ಅಂತ 23ನೇ ಕೀರ್ತನೆ ಎಲ್ಲೂ ಹೇಳುವುದಿಲ್ಲ. ಅಲ್ಲಿ ನಡೆಯುವಾಗ ಜೊತೆಗಿರುತ್ತೇನೆ ಅನ್ನುವಷ್ಟೇ ವಾಗ್ದಾನ. ಅಜ್ಜಿಗೆ ಅದು ಸಾಕಾಗುತ್ತಿತ್ತು. ನನಗೆ ಕೆಲವು ದಿನ ಸಾಲುವುದಿಲ್ಲ. ಆ ದಿನಗಳಲ್ಲೂ ಬೆಳಿಗ್ಗೆ ಬೈಬಲ್ ತೆರೆಯುತ್ತೇನೆ.

ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಮನ್ನ ಎಂಬ ಆಹಾರ ಆಕಾಶದಿಂದ ಬಿದ್ದದ್ದೂ ಹಾಗೆಯೇ. ವಿಮೋಚನಕಾಂಡ 16 ನೋಡು. ತಲೆಗೆ ಒಂದು ಓಮೆರ್, ಅಂದರೆ ಸುಮಾರು 2 ಲೀಟರ್ ಅಳತೆ. ನಾಳೆಗೆ ಅಂತ ಇಟ್ಟುಕೊಂಡದ್ದು ಹುಳ ಬಿದ್ದು ನಾರಿತು. ಸಬ್ಬತ್ತಿನ, ಅಂದರೆ ವಿಶ್ರಾಂತಿಯ ದಿನದ, ಹಿಂದಿನ ದಿನ ಮಾತ್ರ ಎರಡು ಪಾಲು, ಅದು ಕೆಡಲಿಲ್ಲ. 40 ವರ್ಷ ಹೀಗೆ. ಯಾರ ಮನೆಯಲ್ಲೂ ಉಗ್ರಾಣ ತುಂಬಲಿಲ್ಲ. ಆದರೂ ಬೆಳಿಗ್ಗೆ ಎದ್ದು ಆರಿಸಲಿಕ್ಕೆ ಹೊರಗೆ ಹೋಗಲೇಬೇಕಿತ್ತು, ಗುಡಾರದೊಳಗೆ ಬಂದು ಬೀಳುತ್ತಿರಲಿಲ್ಲ.

ನಾನೂ ಮಳೆಗೆ ಮುಂಚೆ ಪ್ರಾರ್ಥನೆ ಮಾಡುತ್ತೇನೆ, ತೋಟಕ್ಕೆ ಮದ್ದೂ ಬಿಡಿಸುತ್ತೇನೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ದೇವರ ಮೇಲೆ ಭಾರ ಹಾಕಿದ್ದೇನೆ ಅಂತ ಮದ್ದು ಬಿಡದೆ ಕುಳಿತರೆ ಕೊಳೆರೋಗಕ್ಕೆ ಅದು ಗೊತ್ತಾಗುತ್ತದಾ? ನೀನೂ ಮುಂದಿನ ಅಧಿಸೂಚನೆ ಬಂದರೆ ಅರ್ಜಿ ಹಾಕು. ಓದು. ವಯಸ್ಸು ಇನ್ನೂ ಉಂಟು. ಮಂಚಕ್ಕೆ ದುಡ್ಡು ಕಡಿಮೆ ಬಿದ್ದರೆ ಹೇಳು.

ಇನ್ನೊಂದು ಮಾತು. 70 ವರ್ಷ ಎಂದರೆ ಆ ಪತ್ರ ಓದಿದ ಹೆಚ್ಚಿನವರು ಬಾಬೆಲಿನಲ್ಲೇ ಸತ್ತರು. ಅವರಿಗೆ ವಾಗ್ದಾನ ಸಿಕ್ಕಿತಾ ಇಲ್ಲವಾ? ಇದನ್ನು ನಾನು ತುಂಬಾ ಸಲ ಯೋಚಿಸಿದ್ದೇನೆ. ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯ ಅಬ್ರಹಾಮ, ಸಾರರ ಬಗ್ಗೆ ಹೇಳುವಾಗ, ಅವರು ವಾಗ್ದಾನದ ಫಲವನ್ನು ಪಡೆಯದೆ, ದೂರದಿಂದ ಅದನ್ನು ನೋಡಿ ಸತ್ತರು ಅನ್ನುತ್ತದೆ. ಮತ್ತೆ ಅವರನ್ನೇ ವಿಶ್ವಾಸಿಗಳ ಸಾಲಿನಲ್ಲಿ ಮುಂದೆ ನಿಲ್ಲಿಸುತ್ತದೆ. ಇದು ನನಗೆ ಪೂರ್ತಿ ಸಮಾಧಾನ ಕೊಟ್ಟಿದೆ ಅಂತ ಹೇಳಲಾರೆ. ಆದರೆ ದೇವರು ಮರೆತರು ಅಂತ ಅವರಾರೂ ತೀರ್ಮಾನ ಮಾಡಲಿಲ್ಲ. ಅವರು ಕೇಳುತ್ತಲೇ ಇದ್ದರು.

ನೀನೂ ಕೇಳುವುದನ್ನು ಬಿಡಬೇಡ. ಕೆಲಸ ಬೇಕು ಅಂತಲೇ ಕೇಳು, ಸುತ್ತಿ ಬಳಸಿ ಬೇಡ. ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ನಾವೂ ಹೆಸರು ಹೇಳಿಯೇ ಕೇಳುತ್ತಿದ್ದೇವೆ. ಅಮ್ಮ ಒಂದು ಹೆಜ್ಜೆ ಮುಂದೆ ಹೋಗಿ ಯಾವ ಶಾಲೆ ಬೇಕು ಅಂತಲೂ ದೇವರಿಗೆ ಹೇಳುತ್ತಾಳೆ.

ಬುಧವಾರ ರಾತ್ರಿ ಫೋನ್ ಮಾಡು. ನಿನ್ನ ತರಗತಿಯ ಮಕ್ಕಳ ಹೆಸರು ಹೇಳು, ಅವರನ್ನೂ ಪ್ರಾರ್ಥನೆಗೆ ಸೇರಿಸಿಕೊಳ್ಳುತ್ತೇವೆ.

ನಿನ್ನ
ಪಪ್ಪ